ಬಾಗಿಲು ಡಬ್ಬಿಯ ಒಂದು ಕಾರ್ಡು

ಸೋಮವಾರ ಕಾಲೇಜಿನಿಂದ ಇಬ್ಬರು ಬಂದು ನನ್ನ ತಂಗಿಯ ಏಳು ಡಬ್ಬಿಗಳನ್ನು ಒಯ್ಯುತ್ತಾರೆ. ಸೀರೆ ಅಂಗಡಿಯವರು ಕೊಡುವಂಥ ರಟ್ಟಿನ ಡಬ್ಬಿಗಳು. ಒಳಗೆ ಸಾವಿರಕ್ಕೂ ಮಿಕ್ಕಿ ಕಾರ್ಡುಗಳಿವೆ. ಲೈಬ್ರರಿಯಲ್ಲಿ ಇಡುತ್ತಾರಂತೆ, ಮುಂದೆ ಓದುವವರಿಗೆ ಬೇಕಾಗುತ್ತದಂತೆ. ಅಷ್ಟು ಕಾರ್ಡುಗಳಲ್ಲಿ ಒಂದು ಮಾತ್ರ ಸುಳ್ಳು. ಆ ಸುಳ್ಳನ್ನು ಅವಳು ನನ್ನ ಸಲುವಾಗಿ ಬರೆದಳು. ಹಾಗೇ ಕಳಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಎರಡು ವಾರದಿಂದ ನಾನು ಆ ಡಬ್ಬಿ ತೆಗೆಯುವುದು, ಮುಚ್ಚುವುದು, ಇಷ್ಟೇ ಮಾಡುತ್ತಿದ್ದೇನೆ.

ನಮ್ಮ ಕನ್ನಡ ಸಂಘದ ಪತ್ರಿಕೆಯವರು ಅವಳ ನೆನಪಿಗೆ ನಾಲ್ಕು ಮಾತು ಬರೆದುಕೊಡಿ ಅಂದರು. ಅವಳ ಪಾಠ ಕೇಳಿದವರು, ಭಾಷಣ ಕೇಳಿದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಎರಡನ್ನೂ ಕೇಳಿದವಳಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನನಗೆ ಗೊತ್ತಿರುವುದು ಅವಳು ನಮ್ಮ ಮನೆಯ ನೆಲದ ಮೇಲೆ ಕೂತಿದ್ದ ರೀತಿ. ಅದನ್ನೇ ಬರೆಯುತ್ತೇನೆ.

ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲು ಚಾಚಿ, ಇನ್ನೊಂದು ಮಡಚಿ ಕೂತುಕೊಳ್ಳುತ್ತಿದ್ದಳು. ಎಡಗೈಯಲ್ಲಿ ಅಪ್ಪನ ಹಳೆಯ ಗಡಿಯಾರ. ಗಂಡಸರದು, ಬೆಲ್ಟಿಗೆ ತಾನೇ ಮೊಳೆಯಿಂದ ಇನ್ನೆರಡು ತೂತು ಕೊರೆದುಕೊಂಡಿದ್ದಳು. ಪರ್ಸಿನಲ್ಲಿ ಯಾವಾಗಲೂ ಹುರಿದ ಶೇಂಗಾ. ಪುಸ್ತಕ ಓದುತ್ತ ಓದುತ್ತ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುವಳು, ಸಿಪ್ಪೆಯನ್ನು ನನ್ನ ಗುಡಿಸಿದ ನೆಲದ ಮೇಲೆ ಬಿಡುವಳು. "ಕಾಲೇಜಿನ್ಯಾಗೂ ಹಿಂಗs ಮಾಡ್ತೀಯೇನು?" ಅಂತ ಬಯ್ದರೆ, "ಅಲ್ಲಿ ಗುಡಸಾಕ ಅಕ್ಕ ಇಲ್ಲಲ್ಲ," ಅನ್ನುವಳು.

ಅವಳು ಮುಂಬೈಯ ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಅಲ್ಲಿಯೇ ಒಬ್ಬ ಮರಾಠಿ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಜೊತೆಗೆ ಪಿಎಚ್‌.ಡಿ.ಗೆ ಓದುತ್ತಿದ್ದಳು. ಏನು ಓದುತ್ತೀ ಎಂದು ಮೊದಲ ಸಲ ಕೇಳಿದಾಗ ಹೇಳಿದ್ದಳು: "ಒಂದು ಕುಲದವ್ರನ್ನ, ಒಂದು ಧರ್ಮದವ್ರನ್ನ ಹುಡಿಕಿ ಹುಡಿಕಿ ಕೊಂದಿರ್ತಾರಲ್ಲ ಅಕ್ಕ, ಅದರಾಗ ಉಳದವ್ರು ಆಮ್ಯಾಲ ಪುಸ್ತಕ ಬರದಾರ. ಅದರಾಗ ಹೆಂಗಸರು ಬರದದ್ದು ಬ್ಯಾರೆ ಅದ. ಅದು ಯಾಕ ಬ್ಯಾರೆ ಅಂತ ನೋಡಾಕತ್ತೀನಿ."

"ಅದರಾಗ ಏನ್ ಬ್ಯಾರೆ ಇರ್ತದವಾ?"

"ಗಂಡಸರು ಯಾವತ್ತು ಆತು, ಎಷ್ಟು ಮಂದಿ ಸತ್ರು, ಯಾರು ಹುಕುಂ ಮಾಡಿದ್ರು ಅಂತ ಬರೀತಾರ. ಹೆಂಗಸರು ಯಾರು ನೀರು ಕೊಟ್ರು, ಯಾರು ಕೊಡಲಿಲ್ಲ ಅಂತ ಬರೀತಾರ. ಎರಡೂ ಬೇಕು. ಎರಡನೇದನ್ನ ಯಾರೂ ಲಕ್ಷ್ಯ ಕೊಟ್ಟು ಓದಿಲ್ಲ."

ಅವಳ ಗೈಡ್ ಹಿರಿಯ ಪ್ರೊಫೆಸರು. ಅವರಿಗೆ ಈ ವಿಷಯ ಮೊದಲು ಸೇರಲಿಲ್ಲವಂತೆ. ಸಾವಿಗೆ ಗಂಡು ಏನು ಹೆಣ್ಣು ಏನು ಅಂದರಂತೆ. ಇವಳು, "ಸಾವಿಗೆ ಇಲ್ಲ ಸರ್, ಅಲ್ಲಿ ತನಕ ಹೋಗೋ ದಾರಿಗೆ ಇದೆ," ಅಂದಳಂತೆ. ಮನೆಗೆ ಬಂದು ಅದನ್ನು ಹೇಳುವಾಗ ಗೆದ್ದವಳ ಹಾಗೆ ಹೇಳಲಿಲ್ಲ. ದಿನವಿಡೀ ಲೋಕಲ್ ರೈಲಿನಲ್ಲಿ ನಿಂತು ಬಂದವಳ ಹಾಗೆ ಹೇಳಿದಳು.

ಹೊರದೇಶದ ಪುಸ್ತಕಗಳೇ ಹೆಚ್ಚು. ಯಹೂದಿ ಹೆಂಗಸರು ಬರೆದವು, ಆರ್ಮೇನಿಯಾದವರು ಬರೆದವು. ಜೊತೆಗೆ ನಮ್ಮ ದೇಶ ಎರಡಾದಾಗ ಸಿಂಧ್‌ನಿಂದ, ಪಂಜಾಬಿನಿಂದ ಓಡಿಬಂದ ಹೆಂಗಸರನ್ನು ತಾನೇ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದಳು. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿಯೇ ಅಂಥ ಒಬ್ಬ ಮುದುಕಿ ಸಿಕ್ಕಿದ್ದಳಂತೆ. ಬಟಾಣಿ ಸುಲಿಯುತ್ತ ಕೂತಿದ್ದ ಸಿಂಧಿ ಹೆಂಗಸು. ಮನೆ ಬಿಟ್ಟು ಬರುವಾಗ ಏನು ತಂದಿರಿ ಎಂದು ಇವಳು ಕೇಳಿದಳಂತೆ. "ಬೇಲನ್" ಅಂದಳಂತೆ ಮುದುಕಿ. ಲಟ್ಟಣಿಗೆ. ರೊಟ್ಟಿ ಮಾಡುತ್ತಿದ್ದಾಗ ಓಡಿದ್ದು, ಮರುದಿನ ನೋಡಿಕೊಂಡರೆ ಕೈಯಲ್ಲಿ ಅದೇ ಇತ್ತು. ಅಂಧೇರಿ ಬಂದಾಗ ಮುದುಕಿ ಇವಳ ಪರ್ಸಿಗೆ ಒಂದು ಮುಷ್ಟಿ ಬಟಾಣಿ ಸುರಿದು ಇಳಿದುಹೋದಳಂತೆ. ಆ ಬಟಾಣಿ ನಮ್ಮ ಮನೆಗೆ ಬಂತು. ಅವತ್ತು ಚಿತ್ರಾನ್ನಕ್ಕೆ ಹಾಕಿದೆ.

ಇನ್ನು ಕಾರ್ಡಿನ ಮಾತು. ಅವಳ ಅಕ್ಷರ ಬಹಳ ಕೆಟ್ಟದ್ದು. ಬರೆದವಳಿಗೇ ಮರುದಿನ ಓದಲು ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗೆ. ಏಳನೇ ಇಯತ್ತೆಯಲ್ಲಿ ಮಾಸ್ತರರು ಹಲಗೆಯ ಮೇಲೆ ನನ್ನಿಂದಲೇ ಬರೆಸುತ್ತಿದ್ದರು. ಅದಕ್ಕೇ ಭಾನುವಾರ ಕಾಂದಿವಲಿಯ ನಮ್ಮ ಮನೆಗೆ ಬಂದು, ನೆಲದ ಮೇಲೆ ಕೂತು, ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಹೇಳುವಳು. ನಾನು ಬರೆಯುವೆ.

"ಇಂಗ್ಲಿಷಿನ್ಯಾಗs ಬರಕೋಬಾರದೇನ?" ಎಂದು ಒಮ್ಮೆ ಕೇಳಿದ್ದೆ.

"ಇಂಗ್ಲಿಷಿನ್ಯಾಗ ಅದು ಪುಸ್ತಕ ಆಗಿ ಕೂಡ್ತದ. ನೀ ಬರದ್ರ ಬಾಜೂ ಮನಿಯಾಕಿ ಬಂದು ಹೇಳಿಧಂಗ ಅನಸ್ತದ."

ನಮ್ಮ ಮನೆಯವರು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಔಷಧಿ ಪ್ಯಾಕ್ ಮಾಡುವ ಕೆಲಸದಲ್ಲಿದ್ದರು. ಅಚ್ಚು ಸರಿ ಬೀಳದೆ ತೆಗೆದುಹಾಕಿದ ಮಾತ್ರೆಯ ಪೆಟ್ಟಿಗೆಗಳನ್ನು ಕೇಳಿ ತಂದುಕೊಡುತ್ತಿದ್ದರು. ಒಳಮೈ ಬೆಳ್ಳಗೆ, ಗಟ್ಟಿ. ಅದನ್ನು ಕತ್ತರಿಸಿ ಕಾರ್ಡು ಮಾಡುತ್ತಿದ್ದೆ. ಒಂದು ಕಡೆ ಯಾವುದೋ ದೇಶದ ಹೆಣ್ಣುಮಗಳ ಮಾತು, ಇನ್ನೊಂದು ಕಡೆ ಊಟದ ನಂತರ ಎರಡು ಮಾತ್ರೆ.

ಡಬ್ಬಿಗಳ ಮೇಲೆ ಹೆಸರೂ ನಾನೇ ಬರೆದದ್ದು. ನೀರು. ಅನ್ನ. ಕೂದಲು. ಮುಟ್ಟು. ಕೂಸು. ಹೆಸರು. ಬಾಗಿಲು. "ಮುಟ್ಟು" ಎಂದು ದೊಡ್ಡ ಅಕ್ಷರದಲ್ಲಿ ಬರೆಯಲು ನನಗೆ ನಾಚಿಕೆಯಾಗಿ "ಹೊರಗಾಗೂದು ಅಂತ ಬರೀಲೇನು" ಎಂದೆ. "ಆ ಹೆಣ್ಮಕ್ಕಳು ಅಂಥಾ ಜಾಗಾದಾಗ ಕೂತು ನಾಚಿಕಿ ಬಿಟ್ಟು ಬರದಾರ. ನೀ ಕಾಂದಿವಲ್ಯಾಗ ಫ್ಯಾನಿನ ಕೆಳಗ ಕೂತು ನಾಚ್ತಿ," ಅಂದಳು. ವಿಜಾಪುರದಿಂದ ನಮ್ಮ ಅತ್ತೆ ಬಂದಿದ್ದಾಗ ಆ ಡಬ್ಬಿ ನೋಡಿ, "ಇದೇನವಾ, ಇದನ್ನೂ ಡಬ್ಬ್ಯಾಗ ಹಾಕಿ ಇಡ್ತೀರಿ ಮುಂಬೈಯಾಗ?" ಎಂದು ಕೇಳಿದರು. ತಂಗಿ ಅವರನ್ನು ಕೂಡಿಸಿಕೊಂಡು ಒಂದು ಕಾರ್ಡು ಓದಿ ಹೇಳಿದಳು. ಅನ್ನವಿಲ್ಲದೆ ಮೈ ಒಣಗಿ ಮುಟ್ಟು ನಿಂತುಹೋದ ಹುಡುಗಿಯರು, ಇನ್ನು ಬರುವುದೇ ಇಲ್ಲವೇನೋ ಎಂದು ಒಬ್ಬರನ್ನೊಬ್ಬರು ಗುಟ್ಟಾಗಿ ಕೇಳಿಕೊಳ್ಳುತ್ತಿದ್ದ ಕಾರ್ಡು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಬರದ ಇಡ್ರಿ ಯವ್ವಾ, ಬರದ ಇಡ್ರಿ," ಅಂದು ಅಡಿಗೆ ಮನೆಗೆ ಹೋದರು.

ಕಾರ್ಡಿಗೆ ಎರಡು ನಿಯಮ ಮಾಡಿದ್ದಳು. ಒಂದು, ಹೊಡೆದುಹಾಕಬಾರದು. ತಪ್ಪಾಗಿದ್ದರೆ ಅದರ ಕೆಳಗೆ ಸರಿಯಾದದ್ದನ್ನು ಬರೆದು ತಾರೀಖು ಹಾಕಬೇಕು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಎರಡನೆಯದು ಕೊನೆಯ ಸಾಲು. ಪುಸ್ತಕವಾದರೆ ಪುಟದ ಸಂಖ್ಯೆ, ಬಾಯಿಂದ ಹೇಳಿದ್ದಾದರೆ ಹೇಳಿದವರ ಹೆಸರು. ಅದಿಲ್ಲದ ಕಾರ್ಡು ಗಾಳಿಮಾತು ಅನ್ನುವಳು. ಕೂಸಿನ ಡಬ್ಬಿಯ ಕಾರ್ಡು ಬರೆಯುವಾಗ ಒಮ್ಮೆ ನನ್ನ ಕೈ ನಿಂತುಬಿಟ್ಟಿತು. ನನಗೆ ಮಕ್ಕಳಾಗಿಲ್ಲ. ಅಳು ಬಂತು. ಅವಳು ಪುಸ್ತಕದಿಂದ ತಲೆ ಎತ್ತದೆ, "ಅಳೂದು ಆಮ್ಯಾಲ ಅಕ್ಕ. ಮೊದಲ ಪುಟ ಬರಿ," ಅಂದಳು. ಕಲ್ಲು ಮನಸ್ಸಿನವಳು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎದ್ದು ಗ್ಯಾಲರಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನು ತೆಗೆದು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದಳು. ಆಮೇಲೆ ಗೊತ್ತಾಯಿತು, ಅದು ಅವಳ ಅಳು. ಕೆಟ್ಟ ಕಾರ್ಡು ಬಂದ ದಿನ ನಮ್ಮ ಮನೆಯ ಬಟ್ಟೆಗಳೆಲ್ಲ ಇಸ್ತ್ರಿ ಮಾಡಿದ ಹಾಗೆ ಮಡಚಿರುತ್ತಿದ್ದವು.

ಬಾಗಿಲು ಡಬ್ಬಿಯೇ ಅವಳಿಗೆ ಮುಖ್ಯ. ಓಡಿಬಂದವರು ಬಾಗಿಲು ಬಡಿದಾಗ ಯಾರು ತೆಗೆದರು, ಯಾರು ತೆಗೆಯಲಿಲ್ಲ, ತೆಗೆಯದವರು ಯಾವ ಮಾತು ಹೇಳಿದರು. ಗಂಡಸರ ಪುಸ್ತಕದಲ್ಲಿ "ಆಶ್ರಯ ಸಿಗಲಿಲ್ಲ" ಎಂದು ಎರಡು ಪದ ಇರುತ್ತದಂತೆ. ಹೆಂಗಸರು ಆ ಮನೆಯ ಪರದೆಯ ಬಣ್ಣ, ಒಳಗಿಂದ ಬರುತ್ತಿದ್ದ ಅಡಿಗೆಯ ವಾಸನೆ, ಹೇಳಿ ಕಳಿಸಿದ ಮಾತು, ಎಲ್ಲ ಬರೆದಿರುತ್ತಾರೆ. ನಲವತ್ತು ವರ್ಷ ಆದ ಮೇಲೂ.

"ಅಂದ್ರ ಹೆಂಗಸರು ಚಲೋ ಮಂದಿ ಅಂತ ಬರೀತಿ ಕಡೀಕ," ಎಂದು ನಾನು ಹಗುರಾಗಿ ಅಂದೆ.

ಅವಳಿಗೆ ಸಿಟ್ಟು ಬಂತು. "ಹಂಗಂತ ನಾ ಯಾವಾಗ ಅಂದೆ? ಬಾಗಿಲಾ ಹಾಕಿದಾಕೀನೂ ಹೆಂಗಸs. ಆಕೀದೂ ಬರೀಬೇಕು."

ಒಂದು ಭಾನುವಾರ ಓದುತ್ತ ಓದುತ್ತ ಅವಳಿಗೆ ನಗು ಬಂತು. ದೂರದ ಒಂದು ದೇಶ. ಹಿಮ ಬೀಳುತ್ತಿದೆ. ಒಬ್ಬ ಹುಡುಗಿ ಬಾಗಿಲು ಬಡಿಯುತ್ತಾಳೆ. ಒಳಗಿನ ಹೆಂಗಸು, ಗಂಡ ಮನೆಯಲ್ಲಿಲ್ಲ, ನಾನು ಯಾರನ್ನೂ ಒಳಗೆ ಬಿಡುವ ಹಾಗಿಲ್ಲ ಅನ್ನುತ್ತಾಳೆ.

"ಅಕ್ಕ, ಇದು ನಮ್ಮವ್ವನ ಮಾತಲ್ಲೇನ?"

ನಿಜ. ಅಪ್ಪ ವಿಜಾಪುರ ಕಡೆಯಿಂದ ಬಂದು ಮಿಲ್ಲಿನ ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ನಾವು ಚಾಳಿನ ಒಂದು ಖೋಲಿಯಲ್ಲಿ ಬೆಳೆದವರು. ಅವ್ವ ನಮಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಒಂದು ಮಾತು. ಸಾಧು ಬರಲಿ, ಚಂದಾ ಕೇಳುವವರು ಬರಲಿ, ಸರ್ವೇಯವರು ಬರಲಿ, ಬಾಗಿಲ ಸಂದಿಯಿಂದ "ಮನ್ಯಾಗ ಗಂಡಸರಿಲ್ಲ" ಅನ್ನಬೇಕು. ಅದರ ಮೇಲೆ ಯಾರೂ ನಿಲ್ಲುವುದಿಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ಹಾಗೇ ಹೇಳುವುದು. ಗಂಡಸರು ಮನೆಯಲ್ಲಿದ್ದರೂ ಹೇಳುವುದು. ಅದು ಸುಳ್ಳು ಎಂದು ಯಾರಿಗೂ ಅನಿಸುವುದೇ ಇಲ್ಲ. ತಂಗಿ ನಾಲ್ಕು ವರ್ಷದವಳಿದ್ದಾಗ ಅಪ್ಪ ಗೋದಾಮಿನಿಂದ ಬಂದು ಬಾಗಿಲು ಬಡಿದರೆ, ಇವಳು ಅಗುಳಿಗೆ ಕೈ ಎಟುಕದೆ, "ಮನ್ಯಾಗ ಗಂಡಸರಿಲ್ಲ!" ಎಂದು ಕೂಗಿದ್ದಳು. "ಅದಕ್ಕs ಬಂದೀನವಾ, ತಗೀ," ಎಂದು ಅಪ್ಪ ಹೊರಗೆ ನಿಂತು ನಕ್ಕಿದ್ದರು. ಅದೇ ವರ್ಷ ಅವ್ವ ಹಾಸಿಗೆ ಹಿಡಿದಳು. ನಾನು ಶಾಲೆ ಬಿಟ್ಟು ಮನೆ ನೋಡಿಕೊಂಡೆ. ತಂಗಿಗೆ ಅ ಆ ಕಲಿಸಿದವಳು ನಾನು. ಬಾಗಿಲಿಗೆ ಯಾರಾದರೂ ಬಂದರೆ ಏನು ಹೇಳಬೇಕೆಂಬುದನ್ನು ಅವ್ವನ ನಂತರ ಅವಳಿಗೆ ಕಲಿಸಿದವಳೂ ನಾನೇ.

ಆ ಹಿಮದ ದೇಶದ ಕಾರ್ಡು ನನ್ನ ಕೈಯಿಂದಲೇ ಬರೆದದ್ದು. ಈಗಲೂ ಡಬ್ಬಿಯಲ್ಲಿದೆ.

ಅವಳ ಬರಹವನ್ನು ಟೈಪ್ ಮಾಡುತ್ತಿದ್ದವಳು ಮೆಹರ್. ಅಂಗಡಿ ಇಟ್ಟಿರಲಿಲ್ಲ. ನಮ್ಮಿಂದ ಸ್ವಲ್ಪ ದೂರದಲ್ಲಿ, ನಡೆದು ಬರುವಷ್ಟು ದೂರದಲ್ಲಿ ಮನೆ. ಗಂಡ ಗಲ್ಫ್‌ನಲ್ಲಿ. ಇವಳು ಮಂಡಿನೋವಿನ ಅತ್ತೆಯನ್ನು ನೋಡಿಕೊಂಡು ಮನೆಯಲ್ಲೇ ಟೈಪ್ ಮಾಡುತ್ತಿದ್ದಳು. ಮಾತು ಕಡಿಮೆ. ಹಾಳೆ ಕೊಡಲು ನಮ್ಮ ಮನೆಗೇ ಬರುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವಳಿಗೆ ಬಹಳ ಸೇರುತ್ತಿತ್ತು. "ಮೇಡಂ, ಯೇ ಸಬ್ ಔರತೇಂ ಖಾನೇ ಕೀ ಬಾತ್ ಬಹುತ್ ಕರ್ತೀ ಹೈಂ," ಎಂದಳು ಒಮ್ಮೆ. ಈ ಹೆಂಗಸರೆಲ್ಲ ಊಟದ ಮಾತೇ ಹೆಚ್ಚು ಆಡುತ್ತಾರಲ್ಲ ಎಂದು. "ಹಸಿವಿದ್ದಾಗ ಒಬ್ಬರಿಗೊಬ್ಬರು ಅಡುಗೆ ಮಾಡೋದನ್ನ ಹೇಳಿಕೊಳ್ಳೋರಂತೆ," ಎಂದು ತಂಗಿ ಹಿಂದಿಯಲ್ಲಿ ಹೇಳಿದಳು. ಮೆಹರ್ ಕೈಯಲ್ಲಿದ್ದ ರೊಟ್ಟಿಯನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ತಿಂದಳು. ನಮ್ಮ ಮನೆಯಲ್ಲಿ ಊಟ ಮಾಡಿದ ಹೆಂಗಸು ಅವಳು. ಇದನ್ನು ಇಲ್ಲಿ ಬರೆಯಲೇಬೇಕು.

ತೊಂಬತ್ತೆರಡರ ಡಿಸೆಂಬರಿನಲ್ಲಿ ಒಮ್ಮೆ ಹಿಂದೂ ಮುಸ್ಲಿಂ ಗಲಾಟೆಯಾಗಿ ನಿಂತಿತ್ತು. ಜನವರಿಯಲ್ಲಿ ಮತ್ತೆ ಊರು ಹೊತ್ತಿತು. ನಮ್ಮ ಬಿಲ್ಡಿಂಗಿನ ಗ್ಯಾಲರಿಯಿಂದ ದೂರದ ಹೊಗೆ ಕಾಣುತ್ತಿತ್ತು. ಕೆಳಗೆ ನಮ್ಮೆಲ್ಲರ ಹೆಸರಿನ ಫಲಕವನ್ನು ಯಾರೋ ಬಂದು ಓದಿಕೊಂಡು ಹೋದರಂತೆ. ಅವತ್ತು ಮಧ್ಯಾಹ್ನ ಸೊಸೈಟಿಯ ಸೆಕ್ರೆಟರಿ ಮನೆ ಮನೆಗೆ ಬಂದು, "ಬಾಹರ್ ವಾಲೇ ಕಿಸೀ ಕೋ ಮತ್ ರಖನಾ ಭಾಭೀ, ಪೂರೀ ಬಿಲ್ಡಿಂಗ್ ಕಾ ಸವಾಲ್ ಹೈ," ಎಂದು ಹೇಳಿ ಹೋದರು. ಹೊರಗಿನವರನ್ನು ಇಟ್ಟುಕೊಂಡರೆ ಇಡೀ ಬಿಲ್ಡಿಂಗಿಗೆ ಕುತ್ತು ಎಂದು. ನಾನು ತಲೆ ಆಡಿಸಿದೆ.

ಸಂಜೆ ಐದೂವರೆ ಇರಬಹುದು. ಮೆಟ್ಟಿಲ ಮೇಲೆ ಯಾರೋ ಹತ್ತಿ ಬರುವ ಸದ್ದು. ಒಂದು ಮೆಟ್ಟಿಲು, ಉಸಿರು, ಇನ್ನೊಂದು ಮೆಟ್ಟಿಲು. ನಾವಿರುವುದು ಮೂರನೇ ಮಹಡಿ. ಆ ಸದ್ದು ನಮ್ಮ ಬಾಗಿಲಿಗೆ ಬಂದು ನಿಂತಿತು.

"ಅಕ್ಕಾ, ನಾನು. ತಗೀ."

ಸರಪಳಿ ಹಾಕಿಕೊಂಡೇ ಬಾಗಿಲನ್ನು ಸಂದು ಮಾಡಿದೆ. ತಂಗಿ ಮುಂದೆ. ಹಿಂದೆ ಮೆಹರ್, ತಂಗಿಯ ನೀಲಿ ಸೀರೆ ಉಟ್ಟಿದ್ದಳು. ಹಣೆಯಲ್ಲಿ ಕುಂಕುಮ, ಅವಸರದಲ್ಲಿ ಇಟ್ಟದ್ದು, ಸೊಟ್ಟಗಿತ್ತು. ಅವಳ ಅತ್ತೆ ಗೋಡೆ ಹಿಡಿದು ನಿಂತಿದ್ದಳು.

"ಎರಡs ದಿನ, ಅಕ್ಕ. ಪಾರ್ಲೆ ಮನ್ಯಾಗ ಮಾಲಕಿ ಬಾಯಿ ಯಾರನ್ನೂ ಇಡಗೊಡಂಗಿಲ್ಲ, ನಿನಗ ಗೊತ್ತದ. ಇವರ ಗಲ್ಲಿ ಉಳ್ಯಂಗಿಲ್ಲ ಇವತ್ತು."

ನಾನು ಹೇಳಿದೆ. "ಮನ್ಯಾಗ ಗಂಡಸರಿಲ್ಲ."

ಯೋಚಿಸಿ ಹೇಳಿದ್ದಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಬಾಯಿಗೆ ರೂಢಿಯಾದ ಮಾತು, ತಾನೇ ಬಂತು ಎಂದು. ಅದು ನಿಜವಲ್ಲ. ಮೆಟ್ಟಿಲ ಮೇಲಿನ ಸದ್ದು ಎರಡನೇ ಮಹಡಿ ದಾಟಿದಾಗಲೇ ನಾನು ಆ ಮಾತನ್ನು ಹುಡುಕಿ ಇಟ್ಟುಕೊಂಡಿದ್ದೆ.

ಮನೆಯವರು ಒಳಗೆ ಮಂಚದ ಮೇಲೆ ರೇಡಿಯೊ ಸಣ್ಣಗೆ ಇಟ್ಟುಕೊಂಡು ಕೂತಿದ್ದರು. ಅವರು ನನಗೆ ಹಾಗೆ ಹೇಳು ಎಂದು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ತಂಗಿ ಕೆಳಗೆ ನೋಡಿದಳು. ನಾನೂ ನೋಡಿದೆ. ಬಾಗಿಲ ಹೊರಗೆ ನಮ್ಮ ಮನೆಯವರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು.

ಆಮೇಲೆ ಅವಳು ತಲೆ ಎತ್ತಿ, "ಮುದುಕಿಗೆ ನೀರು ಕೊಡ್ತೀಯೇನು?" ಎಂದು ಕೇಳಿದಳು.

ಒಳಗೆ ಹೋಗಿ ತಂದೆ. ಸಂದಿನಲ್ಲಿ ಲೋಟ ಹಿಡಿಸಲಿಲ್ಲ. ಕೊಡಬೇಕಾದರೆ ಸರಪಳಿ ತೆಗೆಯಬೇಕು. ನಾನು ಲೋಟ ಹಿಡಿದುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಮೆಹರ್ ಬೇರೆ ಕಡೆ ನೋಡುತ್ತಿದ್ದಳು.

"ಇರಲಿ ಬಿಡು ಅಕ್ಕ," ಅಂದಳು ತಂಗಿ. "ಬಾಗಿಲಾ ಹಾಕ್ಕೋ."

ಮುದುಕಿ ಇಳಿಯುವ ಸದ್ದು ಹತ್ತುವ ಸದ್ದಿಗಿಂತ ನಿಧಾನ.

ತಂಗಿ ಅವರನ್ನು ಅರ್ಧ ಖಾಲಿ ಲೋಕಲ್‌ನಲ್ಲಿ ಪಾರ್ಲೆಗೆ ಕರೆದುಕೊಂಡು ಹೋದಳು. ಯಾವ ಮನೆಯ ಬಾಯಿ ಯಾರನ್ನೂ ಇಡಗೊಡುವುದಿಲ್ಲ ಎಂದಿದ್ದಳೋ, ಆ ಮನೆಯ ಮರಾಠಿ ಮುದುಕಿ ಬಾಗಿಲು ತೆಗೆದು, ಮೂವರನ್ನೂ ನೋಡಿ, "ಆಧೀ ಪಾಯ್ ಧುವಾ" ಅಂದಳಂತೆ. ಮೊದಲು ಕಾಲು ತೊಳೆಯಿರಿ. ಅಷ್ಟೇ. ಹನ್ನೊಂದು ದಿನ ಇದ್ದರು. ಆ ಮನೆಯಲ್ಲಿ ನಿಜವಾಗಿಯೂ ಗಂಡಸರಿರಲಿಲ್ಲ. ಮೆಹರ್‌ಳ ಮನೆ ಸುಟ್ಟುಹೋಯಿತು. ಟೈಪ್‌ರೈಟರೂ ಹೋಯಿತು. ಇದನ್ನೆಲ್ಲ ನನಗೆ ತಂಗಿ ಹೇಳಲಿಲ್ಲ. ಅವಳ ಕಾಲೇಜಿನಲ್ಲಿ ಮರಾಠಿ ಕಲಿಸುವ ಗೆಳತಿ ಎಷ್ಟೋ ತಿಂಗಳ ನಂತರ ಹೇಳಿದ್ದು.

ತಂಗಿ ನಾಲ್ಕು ಭಾನುವಾರ ಬರಲಿಲ್ಲ. ಐದನೆಯದಕ್ಕೆ ಬಂದಳು. ಕೂತಳು, ಶೇಂಗಾ ತೆಗೆದಳು, ಸಿಪ್ಪೆ ಕೆಳಗೆ ಬಿಟ್ಟಳು. ನಾನು ಕಾರ್ಡು ತಂದು ಕೂತೆ. ಅವಳು ಹೇಳಿದಳು, ನಾನು ಬರೆದೆ. ಹೆಸರಿನ ಡಬ್ಬಿಗೆ ಬಂದವು, ಅನ್ನದ ಡಬ್ಬಿಗೆ ಬಂದವು. ಬಾಗಿಲು ಡಬ್ಬಿಗೆ ಒಂದೂ ಬರಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಹೊಸ್ತಿಲಾಚೆ ಒಮ್ಮೆ ನೋಡಿದಳು. ಮನೆಯವರ ಚಪ್ಪಲಿ ಅಲ್ಲಿರಲಿಲ್ಲ. ಜನವರಿಯಿಂದ ಇವರು ಚಪ್ಪಲಿಯನ್ನು ಒಳಗೆ ಮಂಚದ ಕೆಳಗೆ ಬಿಡುತ್ತಾರೆ. ಅದರ ಬಗ್ಗೆ ಗಂಡ ಹೆಂಡತಿ ನಾವಿಬ್ಬರೂ ಮಾತಾಡಿಲ್ಲ.

ಅವಳು ಬಯ್ದಿದ್ದರೆ ಒಳ್ಳೆಯದಿತ್ತು. ಅವಳಿಗೆ ಬಯ್ಯಲು ಬರುತ್ತಿರಲಿಲ್ಲ ಎಂದಲ್ಲ. ಗೈಡ್‌ಗೆ ಬಯ್ದಿದ್ದಾಳೆ, ಟಿಕೆಟ್ ಕಲೆಕ್ಟರಿಗೆ ಬಯ್ದಿದ್ದಾಳೆ. ನನ್ನ ಮೇಲೆ ಮಾತ್ರ ಮೊದಲಿನ ಹಾಗೇ ಇದ್ದಳು. ಸ್ವಲ್ಪ ಹೆಚ್ಚೇ ಮೃದುವಾಗಿದ್ದಳು. ಅದನ್ನು ಹೊರುವುದು ನನಗೆ ಕಷ್ಟವಾಯಿತು.

ಮುಂದಿನ ವರ್ಷದ ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಲಕ್ಷ್ಯ ಕೊಡದೆ ಕಾಲೇಜಿಗೆ ಹೋಗುತ್ತಿದ್ದಳು. ಆಸ್ಪತ್ರೆಗೆ ಸೇರಿಸಿದಾಗ ಕಣ್ಣು ಅರಿಶಿನವಾಗಿತ್ತು. ಗಡಿಯಾರ ಸಡಿಲಾಗಿ ಮೊಣಕೈಗೆ ಜಾರುತ್ತಿತ್ತು. ಮೂರನೇ ದಿನ ಯಾರೂ ಇಲ್ಲದ ಹೊತ್ತು ನೋಡಿ ನಾನು ಶುರು ಮಾಡಿದೆ. "ಅವತ್ತು ನಾ..." ಎಂದೆ.

ಅವಳು ನನ್ನ ಕೈ ಮೇಲೆ ಕೈ ಇಟ್ಟಳು. "ಅದನ್ನ ತಲಿಗೆ ಹಚ್ಚಿಕೋಬ್ಯಾಡ ಅಕ್ಕ. ಬಾಗಿಲು ಡಬ್ಬ್ಯಾಗ ನಾ ಎಲ್ಲಾ ಸರಿ ಮಾಡಿ ಇಟ್ಟೀನಿ."

ಜ್ವರದಲ್ಲಿ ಏನೋ ಹೇಳುತ್ತಾಳೆ ಅಂದುಕೊಂಡೆ. ಅವಳು ಸುಮ್ಮನಿರು ಅಂದಳಲ್ಲ, ಅದೇ ನನಗೆ ಸಾಕಾಯಿತು. ಸುಮ್ಮನಾದೆ. ಅದಾಗಿ ನಾಲ್ಕು ದಿನಕ್ಕೆ ತೀರಿಹೋದಳು. ಬರೆಯುತ್ತಿದ್ದ ಪುಸ್ತಕ ಮುಗಿದಿರಲಿಲ್ಲ.

ಕಾಲೇಜಿನವರು ಡಬ್ಬಿ ಕೇಳಿದ ಮೇಲೆ ಒಂದೊಂದೇ ತೆಗೆದು ನೋಡಿದೆ. ಆರು ಡಬ್ಬಿಗಳಲ್ಲಿ ನನ್ನ ದುಂಡು ಅಕ್ಷರ. ಏಳನೆಯದು ಬಾಗಿಲು. ಅದರ ಕೊನೆಗೆ ಒಂದು ಕಾರ್ಡು ಅವಳ ಕೈಯಿಂದ ಬರೆದದ್ದಿತ್ತು. ಕಾಗೆ ಕಾಲಿನಂಥ ಅಕ್ಷರ. ಬಿಡಿಸಿ ಬಿಡಿಸಿ ಓದಿದೆ.

"ಟೈಪಿಸ್ಟ್. ಜನವರಿ, ಸಂಜೆ. ಅತ್ತೆಗೆ ಮಂಡಿನೋವು. ಮೂರು ಮಹಡಿ ಹತ್ತಿದೆವು. ಆ ಮನೆಗೆ ಬೀಗ ಹಾಕಿತ್ತು. ಮನೆಯವರು ಊರಿಗೆ ಹೋಗಿದ್ದರು. ಅವರು ಇದ್ದಿದ್ದರೆ ಬಾಗಿಲು ತೆಗೆಯುತ್ತಿದ್ದರು."

ಕೊನೆಯ ಸಾಲಿನಲ್ಲಿ ಹೇಳಿದವರ ಹೆಸರು ಇರಲಿಲ್ಲ. ಅವಳ ಎಲ್ಲ ಕಾರ್ಡುಗಳಲ್ಲಿ ಹೆಸರಿಲ್ಲದ್ದು ಅದೊಂದೇ.

ಕಳೆದ ವಾರ ಮೆಹರ್ ಬಂದಿದ್ದಳು. ಮನೆ ಬಿಟ್ಟ ದಿನ ಪಾರ್ಲೆಗೆ ಹೊತ್ತುಕೊಂಡು ಹೋಗಿದ್ದ ತಂಗಿಯ ಹಾಳೆಗಳು ಇನ್ನೂ ತನ್ನಲ್ಲಿದ್ದವು, ಅವನ್ನು ಕೊಡಲು. ಬಾಗಿಲು ಪೂರ್ತಿ ತೆಗೆದೆ. ಕೂತಳು. ನೀರು ಕೊಟ್ಟೆ, ಕುಡಿದಳು. ಅತ್ತೆ ಹೇಗಿದ್ದಾರೆ ಎಂದೆ. ಮಂಡಿ ಹಾಗೇ ಇದೆ ಎಂದಳು. ಆ ಕಾರ್ಡನ್ನು ಓದಿ ಹೇಳಿ, ಹೀಗೆಂದು ನೀವು ಹೇಳಿದಿರಾ ಎಂದು ಕೇಳಿದೆ.

"ಮೈಂನೇ ಕುಛ್ ನಹೀಂ ಕಹಾ," ಎಂದಳು. "ಮೇಡಂ ನೇ ಪೂಛಾ ಹೀ ನಹೀಂ." ನಾನು ಏನೂ ಹೇಳಲಿಲ್ಲ, ಮೇಡಂ ಕೇಳಲೇ ಇಲ್ಲ. ಆಮೇಲೆ, "ಔರ್ ಸಬ್ ಸೇ ಪೂಛಾ. ಮುಝ್ ಸೇ ನಹೀಂ," ಎಂದಳು. ಬೇರೆ ಎಲ್ಲರನ್ನೂ ಕೇಳಿದರು, ನನ್ನನ್ನಲ್ಲ.

ಯಾವ ಹೆಂಗಸಿನ ಮಾತನ್ನೂ ಒಂದು ಅಕ್ಷರ ಬದಲಿಸದವಳು, ಮುಟ್ಟನ್ನು ಮುಟ್ಟೆಂದೇ ಬರೆಸಿದವಳು, ತನ್ನ ಕೆಲಸದಲ್ಲಿ ಒಂದೇ ಒಂದು ಸುಳ್ಳು ಬರೆದಳು. ನನ್ನ ಮರ್ಯಾದೆ ಕಾಯಲು ಬರೆದಳು. ಅದಕ್ಕಾಗಿ ಮೆಹರ್‌ಳ ಬಾಯಿಗೆ ಅವಳು ಆಡದ ಮಾತು ಇಟ್ಟಳು. ನನ್ನಿಂದ ಇಬ್ಬರಿಗೂ ಮೋಸವಾಯಿತು.

ಇವತ್ತು ಶನಿವಾರ. ಊಟವಾದ ಮೇಲೆ ಕಾರ್ಡು ತೆಗೆದು ಅವಳು ಕೂರುತ್ತಿದ್ದ ಜಾಗದಲ್ಲಿ ಕೂತೆ. ಹೊಡೆದುಹಾಕಲಿಲ್ಲ. ಅವಳ ಅಕ್ಷರದ ಕೆಳಗೆ ಬರೆದೆ.

"ಬೀಗ ಇರಲಿಲ್ಲ. ನಾನು ಮನೆಯಲ್ಲಿದ್ದೆ. ಮನ್ಯಾಗ ಗಂಡಸರಿಲ್ಲ ಎಂದು ಹೇಳಿ ಕಳಿಸಿದೆ. ಮುದುಕಿಗೆ ನೀರು ಕೊಡಲಿಲ್ಲ."

ಮನೆಯವರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ಬಹಳ ಹೊತ್ತು ಓದಿದರು, ನಾಲ್ಕೇ ಸಾಲಿದ್ದರೂ.

"ನಾ ಒಳಗಿದ್ದೆ ಅಂತನೂ ಬರಿ," ಅಂದರು.

ಬರೆದೆ. ತಾರೀಖು ಹಾಕಿದೆ. ಕಣ್ಣು ಮಂಜಾಗುತ್ತಿತ್ತು. ಆದರೆ ಕೊನೆಯ ಸಾಲು ಇನ್ನೂ ಬಾಕಿ ಇತ್ತು. ಹೇಳಿದವರು ಎಂಬಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಮಾಸ್ತರರು ಹಲಗೆಯ ಮೇಲೆ ಬರೆಸುತ್ತಿದ್ದರಲ್ಲ, ಹಾಗೆ, ದುಂಡಗೆ.